ನಟ್ ಬಿಗಿ ಇತ್ತು, ರಬ್ಬರ್ ಬೆರಳಿಗೆ ತಿರುಗಿತು

ಕಾಕಾರ ವಿಮಾನದ ಮೂತಿ ಜೋತುಬಿದ್ದದ್ದನ್ನು ಮೊದಲು ಕಂಡವನು ಪಕ್ಕದ ಹೊಲದವರ ಹುಡುಗ. ಒಂಬತ್ತನೇ ಇಯತ್ತೆ ಓದುತ್ತಾನೆ, ರವಿವಾರ ಶೆಡ್ಡಿಗೆ ಬಂದು ನಮ್ಮ ಪಾನಾ, ಸ್ಕ್ರೂಡ್ರೈವರ್ ಎತ್ತಿಕೊಡುತ್ತಾನೆ. ಅವತ್ತು ಬಾಗಿಲಲ್ಲೇ ನಿಂತು ತಲೆ ಸೊಟ್ಟ ಮಾಡಿ, "ಕಾಕಾರ, ಇದರ ಮೂಗು ಕೆಳಗ ಬಿದ್ದೈತಲ್ರಿ" ಅಂದ.

ನಾವಿಬ್ಬರೂ ನಕ್ಕೆವು. ಆಮೇಲೆ ನಾನು ಸ್ಕೇಲ್ ಹಿಡಿದೆ. ಪ್ರೊಪೆಲ್ಲರಿನ ನಡುವೆ ಟೋಪಿಯಂತೆ ಕೂರುವ ಸ್ಪಿನ್ನರ್, ಇಂಜಿನ್ ಮುಚ್ಚುವ ಕೌಲಿಂಗಿನ ದುಂಡು ಬಾಯಿಗಿಂತ ಸರಿಯಾಗಿ 6 ಮಿ.ಮೀ ಕೆಳಗಿತ್ತು. ನಗು ಅಲ್ಲಿಗೇ ನಿಂತಿತು.

ಕಾಕಾ ವಾಯುಸೇನೆಯಲ್ಲಿ ಟೆಕ್ನೀಶಿಯನ್ ಆಗಿದ್ದವರು. ಇಲ್ಲೇ ಸಾಂಬ್ರಾದ ಏರ್‌ಮೆನ್ ಟ್ರೇನಿಂಗ್ ಸ್ಕೂಲಿನಲ್ಲಿ ಕಲಿತು, ದೇಶವೆಲ್ಲ ತಿರುಗಿ, ಕೊನೆಗೆ ಬೆಳಗಾವಿಗೇ ಬಂದು ನೆಲೆನಿಂತರು. ಯಾರೋ ಅರ್ಧ ಕಟ್ಟಿ ಬಿಟ್ಟಿದ್ದ ಎರಡು ಸೀಟಿನ ಕಿಟ್ ವಿಮಾನವನ್ನು ಕೊಂಡು ತಂದು, ಸಾಂಬ್ರಾ ದಾರಿಯ ತಮ್ಮ ಹೊಲದ ತಗಡಿನ ಶೆಡ್ಡಿನಲ್ಲಿ ಒಂಬತ್ತು ವರ್ಷದಿಂದ ಕಟ್ಟುತ್ತಿದ್ದಾರೆ. ಮೇಲುರೆಕ್ಕೆ, ಅಲ್ಯೂಮಿನಿಯಂ ಹಾಳೆಯ ಮೈ, ಮುಂದೆ ರೋಟ್ಯಾಕ್ಸ್ 912 ಇಂಜಿನ್: ನಾಲ್ಕು ಸಿಲಿಂಡರ್, 1211 ಸಿಸಿ, 5800 ಆರ್‌ಪಿಎಂಗೆ 80 ಎಚ್‌ಪಿ. ಸದ್ಯಕ್ಕೆ ನೆಲದ ಮೇಲೆ ಓಡಿಸುವುದಷ್ಟೇ. ಹಾರಿಸುವುದು ಕಾಗದಪತ್ರ ಎಲ್ಲ ಆದಮೇಲಿನ ಮಾತು. ನನ್ನದು ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದಲ್ಲಿ ಎರಡು ಲೇತಿನ ಸಣ್ಣ ವರ್ಕ್‌ಶಾಪ್. ಪಂಪಿನ ಬುಶ್, ಶಾಫ್ಟ್ ನನ್ನ ಅನ್ನ. ವಿಮಾನದ ವಿಷಯದಲ್ಲಿ ನಾನು ಕಾಕಾರ ಶಿಷ್ಯ, ಅದೂ ಪದೇಪದೇ ಬೈಸಿಕೊಳ್ಳುವ ಶಿಷ್ಯ.

ನಡುಕ ಆರು ತಿಂಗಳಿಂದ ಇತ್ತು. ಐಡಲ್‌ನಲ್ಲಿ (ಇಂಜಿನ್ ಅತಿ ನಿಧಾನಕ್ಕೆ ಓಡುವಾಗ) ಪ್ಯಾನೆಲ್ಲಿನ ಗೇಜುಗಳ ಮುಳ್ಳು ಎರಡಾಗಿ ಕಾಣುತ್ತಿದ್ದವು. ಇಂಜಿನ್ ಬಂದ್ ಮಾಡುವಾಗ ಕೊನೆಗೆ ಒಂದು 'ಟಕ್' ಸದ್ದು. ಈ ಇಂಜಿನ್ನಿಗೆ ಎರಡು ಬಿಂಗ್ ಕಾರ್ಬ್ಯುರೇಟರ್ ಇರುತ್ತವೆ, ಎರಡರ ತಾಳ ತಪ್ಪಿದರೆ ಕೆಳಗಿನ ಆರ್‌ಪಿಎಂನಲ್ಲಿ ನಡುಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವ ಮಾತು. ಹಾಗಾಗಿ ನಾವು ಮೊದಲು ವ್ಯಾಕ್ಯೂಮ್ ಗೇಜ್ ಹಚ್ಚಿ ಕಾರ್ಬ್ಯುರೇಟರ್ ಹೊಂದಿಸಿದೆವು. ಸ್ವಲ್ಪ ತಗ್ಗಿತು. ಆಮೇಲೆ ಪ್ರೊಪೆಲ್ಲರ್ ಬ್ಲೇಡುಗಳ ತುದಿ ಒಂದೇ ಗೆರೆಯಲ್ಲಿ ತಿರುಗುತ್ತವೆಯೇ ಅಂತ ಅಳೆದೆವು. ಸರಿ ಇತ್ತು. ಆಮೇಲೆ ನಾನೇ ಇಂಜಿನ್ ಮೌಂಟಿಂಗಿನ, ಅಂದರೆ ಇಂಜಿನ್ನನ್ನು ವಿಮಾನಕ್ಕೆ ಹಿಡಿದಿಡುವ ಜೋಡಣೆಯ, ನಾಲ್ಕೂ ನಟ್‌ಗಳಿಗೆ ಬಿಗಿ ಅಳೆಯುವ ಟಾರ್ಕ್ ರೆಂಚ್ ಹಾಕಿ ನೋಡಿ, ಲಾಗ್ ಬುಕ್ಕಿನಲ್ಲಿ "ಮೌಂಟಿಂಗ್ ಬಿಗಿ ಇದೆ" ಅಂತ ಬರೆದಿದ್ದೆ. ನನ್ನದೇ ಅಕ್ಷರ, ಈಗಲೂ ಇದೆ.

ಆ ರವಿವಾರ ಕೌಲಿಂಗ್ ಬಿಚ್ಚಿದೆವು. ಕಾಕಾ ಎಡಗಡೆ ಕೆಳಗಿನ ಮೌಂಟಿಂಗಿನ ರಬ್ಬರನ್ನು ಹೆಬ್ಬೆರಳು ತೋರುಬೆರಳಿನಲ್ಲಿ ಹಿಡಿದು ತಿರುಗಿಸಿದರು. ಅದು ಬಾಟಲಿ ಮುಚ್ಚಳದ ಹಾಗೆ ತಿರುಗಿತು.

"ನಟ್ ಬಿಗಿ ಐತಿ?" ಅಂದರು.

"ಬಿಗಿ ಐತ್ರಿ ಕಾಕಾ, ನಾನೇ ನೋಡೇನಿ."

"ಹಂಗಾದ್ರ ಇದ್ಯಾಕ ತಿರಗತೈತಿ?"

ಇದರ ಉತ್ತರ ಲೇತಿನವನಾದ ನನಗೇ ಮೊದಲು ಹೊಳೆಯಬೇಕಿತ್ತು. ಒಂದೊಂದು ಮೂಲೆಯ ಜೋಡಣೆ ಹೀಗಿದೆ: ನಡುವೆ ಇಂಜಿನ್ ಹೊರುವ ಮೌಂಟ್ ಫ್ರೇಮಿನ 6 ಮಿ.ಮೀ ಪ್ಲೇಟು, ಅದರ ಹಿಂದೊಂದು ಮುಂದೊಂದು ದಪ್ಪ ರಬ್ಬರ್ ಬಿಲ್ಲೆ, ಎಲ್ಲದರ ನಡುವೆ ಹಾಯುವ ಒಂದು ಉಕ್ಕಿನ ಸ್ಪೇಸರ್ ಪೈಪು, ಪೈಪಿನೊಳಗೆ ಬೋಲ್ಟು, ಎರಡೂ ತುದಿಗೆ ಅಗಲ ವಾಶರ್. ನಟ್ ತಿರುಗಿಸುತ್ತ ಹೋದಂತೆ ವಾಶರ್‌ಗಳು ರಬ್ಬರನ್ನು ಒತ್ತುತ್ತವೆ. ಆದರೆ ಎಲ್ಲಿಯವರೆಗೆ? ಪೈಪಿಗೆ ತಾಗುವವರೆಗೆ. ಅಲ್ಲಿಂದ ಮುಂದೆ ನೀವು ಕೊಡುವ ಟಾರ್ಕೆಲ್ಲ ಪೈಪಿಗೆ ಹೋಗುತ್ತದೆ, ರಬ್ಬರಿಗೆ ಒಂದು ಕೂದಲಿನಷ್ಟೂ ಮುಟ್ಟುವುದಿಲ್ಲ. ಹೊಸ ರಬ್ಬರ್ ಒಂದೊಂದು 19 ಮಿ.ಮೀ. ಎರಡು ರಬ್ಬರ್, ಒಂದು ಪ್ಲೇಟ್ ಸೇರಿ 44. ಪೈಪಿನ ಉದ್ದ 40. ಅಂದರೆ ಎರಡಕ್ಕೂ ತಲಾ 2 ಮಿ.ಮೀ ಒತ್ತಡ ಸಿಗಬೇಕು. ನಮ್ಮ ಹಳೆಯ ರಬ್ಬರ್ ಬಿಚ್ಚಿ ವರ್ನಿಯರ್ ಹಿಡಿದರೆ 17 ಮಿ.ಮೀ, ಒಂದೆರಡು ಅದಕ್ಕೂ ಕಡಿಮೆ. 17, 17, 6: ಒಟ್ಟು 40. ಒತ್ತಡ ಸೊನ್ನೆ. ನಾನು ಆರು ತಿಂಗಳ ಹಿಂದೆ ಅಳೆದದ್ದು ಪೈಪಿನ ಬಿಗಿಯನ್ನು.

ವಿಮಾನ ಹಾರಿಲ್ಲ, ಇಂಜಿನ್ ಓಡಿದ್ದು ಬೆರಳೆಣಿಕೆಯ ತಾಸು, ಆದರೂ ರಬ್ಬರ್ ಹೇಗೆ ಸತ್ತಿತು ಅಂತ ಹುಡುಗ ಕೇಳಿದ. ರಬ್ಬರಿಗೆ ಮೀಟರ್ ಗೊತ್ತಿಲ್ಲ, ಕ್ಯಾಲೆಂಡರ್ ಗೊತ್ತು. ಏಪ್ರಿಲ್-ಮೇದಲ್ಲಿ ತಗಡಿನ ಶೆಡ್ಡು ಒಲೆಯಾಗುತ್ತದೆ, ಇಂಜಿನ್ನಿನ ಭಾರ ಹಗಲೂ ರಾತ್ರಿ ಒಂದೇ ದಿಕ್ಕಿಗೆ ಜಗ್ಗುತ್ತದೆ, ಮೇಲಿಂದ ಎಣ್ಣೆ ಪೆಟ್ರೋಲಿನ ಹನಿ. ರೋಟ್ಯಾಕ್ಸ್‌ನವರು ಇಂಜಿನ್ನಿನ ರಬ್ಬರ್ ಹೋಸುಗಳನ್ನು ಐದು ವರ್ಷಕ್ಕೊಮ್ಮೆ ಬದಲಿಸಿ ಅನ್ನುವುದೂ ಇದೇ ಕಾರಣಕ್ಕೆ, ಓಡಲಿ ಬಿಡಲಿ.

ಎತ್ತುವ ಕೆಲಸ ನಾನು ಅಂದುಕೊಂಡದ್ದಕ್ಕಿಂತ ಬೇರೆಯಾಗಿತ್ತು. ಒಂದೊಂದೇ ಮೂಲೆ ಬಿಚ್ಚಿ ಬದಲಿಸುವುದಾದರೆ ಇಂಜಿನ್ ಇಳಿಸಬೇಕಿಲ್ಲ, ನೀರಿನ ಹೋಸು ಬಿಚ್ಚಬೇಕಿಲ್ಲ. ಭಾರವನ್ನಷ್ಟೇ ಮೇಲಿಂದ ಹಿಡಿದರೆ ಸಾಕು. ಬ್ಯಾಟರಿ ವೈರ್ ತೆಗೆದೆವು, ಪ್ಲಗ್ ಬಿಚ್ಚಿದೆವು, ಶೆಡ್ಡಿನ ತೊಲೆಗೆ ಚೈನ್ ಪುಲ್ಲಿ ಕಟ್ಟಿ ಕ್ರ್ಯಾಂಕ್‌ಕೇಸಿನ ಸುತ್ತ ಅಗಲ ಪಟ್ಟಿ ಹಾಕಿದೆವು. ಇಲ್ಲಿ ತೊಡಕು: ಎಷ್ಟು ಎತ್ತಬೇಕು? ಕಡಿಮೆಯಾದರೆ ಬೋಲ್ಟ್ ಜಾಮ್. ಹೆಚ್ಚಾದರೆ ಇಂಜಿನ್ ಜೊತೆ ಇಡೀ ವಿಮಾನದ ಮೂತಿ ಮೇಲೇಳುತ್ತದೆ, ಬಾಲ ಹೋಗಿ ನೆಲಕ್ಕೆ ಕೂರುತ್ತದೆ. ಬಾಲದ ಕೆಳಗೆ ಮೊದಲೇ ಒಂದು ಸ್ಟ್ಯಾಂಡ್ ಕೊಟ್ಟೆವು. ಆಮೇಲೆ ಕಾಕಾ ಹುಡುಗನನ್ನು ಅವನ ಮನೆಗೆ ಓಡಿಸಿದರು: "ನಿಮ್ಮಪ್ಪನ್ನ ಕೇಳಿ ಬೆಲ್ಲ ತೂಗೂ ಕಾಟಾ ತೊಗೊಂಬಾ." ಕೊಕ್ಕೆಗೆ ನೇತುಹಾಕುವ ಡಿಜಿಟಲ್ ಕಾಟಾ. ಅದನ್ನು ಚೈನಿಗೂ ಪಟ್ಟಿಗೂ ನಡುವೆ ಸಿಕ್ಕಿಸಿ, ಅಂಕಿ ನೋಡುತ್ತ ಚೈನ್ ಎಳೆದೆ. ರೇಡಿಯೇಟರ್, ಸೈಲೆನ್ಸರ್ ಎಲ್ಲ ಸೇರಿ ಇಂಜಿನ್ 70 ಕಿಲೊ ಹತ್ತಿರ. ಕಾಟಾ 70 ತೋರಿಸಿದಾಗ ನಿಲ್ಲಿಸಿದೆ. ಮೇಲಿನ ಬಲ ಬೋಲ್ಟ್ ಬೆರಳಿನಲ್ಲಿ ಜಾರಿ ಹೊರಗೆ ಬಂತು. ಬೆಲ್ಲದ ಕಾಟಾ ಈ ಕೆಲಸಕ್ಕೆ ಬರುತ್ತದೆ ಅಂತ ಯಾವ ಮ್ಯಾನುವಲ್‌ನಲ್ಲೂ ನಾನು ಓದಿಲ್ಲ.

ಮೂರು ಬೋಲ್ಟ್ ಸುಲಭ. ನಾಲ್ಕನೆಯದು, ಎಡ ಕೆಳಗಿನದು, ಪೈಪಿನೊಳಗೇ ತುಕ್ಕು ಹಿಡಿದು ಒಂದಾಗಿತ್ತು. ತುಕ್ಕೆಣ್ಣೆ ಹಾಕಿ ರಾತ್ರಿಯಿಡೀ ಬಿಟ್ಟು, ಮರುದಿನ ಹಿತ್ತಾಳೆಯ ಡ್ರಿಫ್ಟ್ ಇಟ್ಟು ತಟ್ಟಿ ತಟ್ಟಿ ತೆಗೆದದ್ದಾಯಿತು. ಬೋಲ್ಟಿನ ಮೈಮೇಲೆ ಉಗುರಿಗೆ ಸಿಗುವಷ್ಟು ಗೀರು, ಸುತ್ತ ಕೆಂಪು ಪುಡಿ. ಎರಡು ಲೋಹ ಬಿಗಿಯಿಲ್ಲದೆ ತಿಕ್ಕಾಡಿದರೆ ಬರುವ ಪುಡಿ ಅದು, ನಮ್ಮ ಶಾಪಿನಲ್ಲಿ ಸಡಿಲ ಬೇರಿಂಗ್ ಸೀಟಿನಲ್ಲಿ ದಿನಾ ನೋಡುತ್ತೇನೆ. ಅದರ ನಟ್ ನೈಲಾನ್ ರಿಂಗಿನದು, ಅದೂ ಸೈಲೆನ್ಸರ್ ಪೈಪಿನಿಂದ ಒಂದು ಗೇಣು ದೂರದಲ್ಲಿ. ಅಂಥ ನಟ್ ಸುಮಾರು 120 ಡಿಗ್ರಿ ಸೆಲ್ಸಿಯಸ್‌ವರೆಗೆ ಮಾತ್ರ ನಡೆಯುತ್ತದೆ, ಆಮೇಲೆ ನೈಲಾನ್ ಮೆತ್ತಗಾಗುತ್ತದೆ. ನಾಲ್ಕೂ ಕಡೆ ಪೂರ್ತಿ ಲೋಹದ ಲಾಕ್‌ನಟ್ ಹಾಕುವುದೆಂದು ಅಲ್ಲೇ ತೀರ್ಮಾನವಾಯಿತು. ಬೋಲ್ಟ್‌ಗಳೂ ಹೊಸವು.

ರಬ್ಬರ್ ಹೊರಗಿರುವಾಗಲೇ ಮೌಂಟ್ ಫ್ರೇಮಿನ ವೆಲ್ಡಿಂಗ್ ನೋಡಬೇಕು. ಇದಕ್ಕೆ ಬೆಳಗಾವಿಗಿಂತ ಒಳ್ಳೆಯ ಊರಿಲ್ಲ. ಫೌಂಡ್ರಿಗಳ ಊರು, ಎರಕದಲ್ಲಿ ಸೀಳು ಹುಡುಕುವ ಡಿ.ಪಿ. (ಡೈ ಪೆನೆಟ್ರೆಂಟ್) ಟೆಸ್ಟಿನ ಡಬ್ಬಿಗಳು ಪಕ್ಕದ ಶಾಪಿನಲ್ಲೇ ಸಿಕ್ಕವು. ಮೂಲೆಗಳ ಬಣ್ಣ ಕೆರೆದು, ಕ್ಲೀನರ್ ಹೊಡೆದು, ಕೆಂಪು ದ್ರವ ಹೊಡೆದು ಕಾದು, ಒರೆಸಿ, ಬಿಳಿ ಡೆವಲಪರ್ ಹೊಡೆದೆವು. ಎಡ ಕೆಳಗಿನ ಮೂಲೆಯ ಗಸೆಟ್ಟಿನ (ಮೂಲೆಗೆ ಬಲ ಕೊಡುವ ತಗಡಿನ) ಪಕ್ಕ ಬಿಳಿಯ ಮೇಲೆ ನಿಧಾನಕ್ಕೆ ಒಂದು ಕೆಂಪು ಗೆರೆ ಮೂಡಿತು. ಕಾಕಾ ಮಾತಾಡಲಿಲ್ಲ. ಗೆರೆ ಒಂದು ಅಕ್ಕಿ ಕಾಳಿನಷ್ಟು ಉದ್ದ. ಮೌಂಟ್ ಸೀಳಿದ್ದರೆ ಇಂಜಿನ್ ಇಳಿಸಿ, ಫ್ರೇಮ್ ಬಿಚ್ಚಿ, ಸರ್ಟಿಫಿಕೇಟ್ ಇರುವ ವೆಲ್ಡರ್ ಹುಡುಕಿ, ಇನ್ನೊಂದು ವರ್ಷ. ಅವರು ಕನ್ನಡಕ ಹಾಕಿಕೊಂಡು ಸಣ್ಣ ಪಾಲಿಶ್ ಪೇಪರಿನಿಂದ ಉಜ್ಜಿದರು. ಉಜ್ಜಿದ್ದು ಕಬ್ಬಿಣವಲ್ಲ, ಅಂಚಿನಲ್ಲಿ ಉಳಿದ ಪ್ರೈಮರಿನ ಪದರ. ಮತ್ತೆ ಮೊದಲಿಂದ ಟೆಸ್ಟ್ ಮಾಡಿದಾಗ ಬಿಳಿ ಬಿಳಿಯಾಗಿಯೇ ಉಳಿಯಿತು. ಅವತ್ತು ಚಹಾ ಎರಡೆರಡು ಸಲ ಆಯಿತು.

ಈಗ ನನ್ನ ದಡ್ಡತನದ ಭಾಗ. ಕಿಟ್ ತಯಾರಿಸಿದವರಿಂದ ರಬ್ಬರ್ ತರಿಸಲು ದುಡ್ಡಿಗಿಂತ ದಿನ ಜಾಸ್ತಿ. ನಾನು ಕಾಕಾರಿಗೆ, "ಎಂಟು ಬಿಲ್ಲೆ ರಬ್ಬರಿಗೆ ಪರದೇಶದ ದಾರಿ ಯಾಕ ಕಾಯೂದ್ರಿ? ಡೈ ನಾನೇ ತಿರುವತೇನಿ, ನಮ್ಮ ಉದ್ಯಮಬಾಗದಾಗ ಮೋಲ್ಡ್ ಮಾಡಿಸ್ಕೊಂಡ ಬರತೇನಿ" ಅಂದೆ. ಹತ್ತರಗಿಯಲ್ಲಿ ಏಕಸ್‌ನವರು ದೊಡ್ಡ ವಿಮಾನಗಳ ಬಿಡಿಭಾಗ ಮಾಡಿ ಪರದೇಶಕ್ಕೆ ಕಳಿಸುವಾಗ ನಮಗೇನು ಕಡಿಮೆ ಎನ್ನುವ ಹುರುಪು ಬೇರೆ. ಕಾಕಾ, "ನೆಲದ ಮ್ಯಾಲ ಓಡಸಾಕ ಅಷ್ಟ. ಹಾರೂದಕ್ಕ ಡ್ರಾಯಿಂಗಿನ ರಬ್ಬರೇ ಬೇಕು" ಅಂತ ಶರತ್ತು ಹಾಕಿ, ಕಿಟ್ಟಿನವರಿಗೆ ಆರ್ಡರನ್ನೂ ಅವತ್ತೇ ಕಳಿಸಿದರು.

ರಬ್ಬರ್ ಶಾಪಿನ ಅಣ್ಣ ಎಷ್ಟು ಗಟ್ಟಿ ಬೇಕು ಅಂತ ಕೇಳಿದ. ಪಂಪು, ಟ್ರ್ಯಾಕ್ಟರ್ ನೋಡಿ ಬೆಳೆದ ಬಾಯಿ, "ಚಲೋ ಗಟ್ಟಿ ಇರಲಿ" ಅಂದೆ. ತಪ್ಪು ಅವನದಲ್ಲ, ಕೇಳಿದ್ದನ್ನೇ ಕೊಟ್ಟ. ಬಿಲ್ಲೆಗಳು ನುಣ್ಣಗೆ, ಅಂಚು ಚೊಕ್ಕ, 19 ಮಿ.ಮೀ ಅಂದರೆ 19. ಗಡಸುತನ ಅಳೆದರೆ ಶೋರ್ ಎ ಮಾಪನದಲ್ಲಿ 72. ಹಾಕಿದೆವು, ನಟ್ ಬಿಗಿದೆವು, ಬೆರಳಿಗೆ ಜಪ್ಪಯ್ಯ ಅನ್ನಲಿಲ್ಲ. ಸ್ಪಿನ್ನರ್ ನೇರ. ನಾನು ಗೆದ್ದೆ ಅಂದುಕೊಂಡೆ.

ಸ್ಟಾರ್ಟ್ ಮಾಡಿದರೆ ಹಳೆಯದಕ್ಕಿಂತ ಕೆಟ್ಟ ನಡುಕ. 1400ರಲ್ಲಿ ತಡೆಯಬಹುದು, 1600 ದಾಟುತ್ತಿದ್ದಂತೆ ಸೀಟು, ಪ್ಯಾನೆಲ್ಲು, ಬಾಗಿಲ ಗಾಜು ಎಲ್ಲ ಒಟ್ಟಿಗೆ ಗುಂಯ್ ಅಂದವು. ಪಕ್ಕದ ಸೀಟಿನ ಮೇಲೆ ಇಟ್ಟಿದ್ದ ನೀರಿನ ತಂಬಿಗೆ ನಡೆಯುತ್ತ ಹೋಗಿ ಕೆಳಗೆ ಬಿತ್ತು. 2200 ದಾಟಿದ ಮೇಲೆ ಸುಮ್ಮನಾಯಿತು.

ಕಾಕಾ ಬೈಯಲಿಲ್ಲ. ಇಂಜಿನ್ ಆರಿಸಿ ಒಂದು ಡಯಲ್ ಗೇಜ್ ಕೇಳಿದರು. ಚೈನ್ ಪುಲ್ಲಿಯಿಂದ ಮತ್ತೆ 70 ಕಿಲೊ ಎತ್ತಿ, ಗೇಜಿನ ಮುಳ್ಳು ಸೊನ್ನೆಗೆ ಇಟ್ಟು, ಭಾರ ಪೂರ್ತಿ ರಬ್ಬರಿನ ಮೇಲೆ ಬಿಟ್ಟರು. ಇಂಜಿನ್ ಕುಸಿದದ್ದು 0.4 ಮಿ.ಮೀ ಮಾತ್ರ. ಆಮೇಲೆ ಸಿಗರೇಟ್ ಪ್ಯಾಕೆಟ್ಟಿನ ಒಳಕಾಗದದ ಮೇಲೆ ಲೆಕ್ಕ ಬರೆದರು. ಸ್ಪ್ರಿಂಗಿನ ಮೇಲೆ ಕೂತ ಯಾವುದೇ ಭಾರ ತನ್ನಷ್ಟಕ್ಕೆ ಸೆಕೆಂಡಿಗೆ ಎಷ್ಟು ಸಲ ತೂಗುತ್ತದೆ ಅನ್ನುವುದನ್ನು ಅದು ಎಷ್ಟು ಕುಸಿಯಿತು ಅನ್ನುವುದರಿಂದಲೇ ಹೇಳಬಹುದು: 15.8ನ್ನು ಕುಸಿತದ ವರ್ಗಮೂಲದಿಂದ ಭಾಗಿಸಿ, ಕುಸಿತ ಮಿ.ಮೀಯಲ್ಲಿ. 0.4ಕ್ಕೆ ಸೆಕೆಂಡಿಗೆ 25 ಸಲ. 25ನ್ನು 60ರಿಂದ ಗುಣಿಸಿದರೆ 1500. ಅಂದರೆ ಕ್ರ್ಯಾಂಕ್ ಸುಮಾರು 1500 ಸುತ್ತಿಗೆ ಬಂದಾಗ, ಜೋಕಾಲಿಗೆ ಸರಿಯಾದ ಹೊತ್ತಿಗೆ ನೂಕಿದ ಹಾಗೆ, ಇಂಜಿನ್ ರಬ್ಬರಿನ ಮೇಲೆ ತೂಗತೊಡಗುತ್ತದೆ. ರಬ್ಬರ್ ನಿಧಾನಕ್ಕೆ ಒತ್ತಿದಾಗ ಇರುವುದಕ್ಕಿಂತ ಬೇಗಬೇಗ ಅಲುಗಿಸಿದಾಗ ಹೆಚ್ಚು ಗಟ್ಟಿ ವರ್ತಿಸುತ್ತದೆ. ಅದಕ್ಕೇ ಲೆಕ್ಕ 1500 ಅಂದರೂ ತಂಬಿಗೆ ಬಿದ್ದದ್ದು 1600ರ ಮೇಲೆ. ಇಂಜಿನ್ ಮೇಲೆ-ಕೆಳಗಷ್ಟೇ ಅಲ್ಲ, ಹೊರಳಿಯೂ ಆಡುತ್ತದೆ, ಹಾಗಾಗಿ ಇದು ಅಂದಾಜಿನ ಲೆಕ್ಕ. ಆದರೂ ನನ್ನ ಕಣ್ಣು ತೆರೆಸಲು ಸಾಕಾಯಿತು.

"ಗಟ್ಟಿ ರಬ್ಬರ್ ಅಂದ್ರ ಎತ್ತರದ ಸುರ. ನಿನ್ನ ಐಡಲ್ ಹೋಗಿ ಆ ಸುರದ ಮ್ಯಾಲ ಕುಂತೈತಿ" ಅಂದರು ಕಾಕಾ. "ಮೆತ್ತಗಿನ ರಬ್ಬರ್ ಹಾಕಿದ್ರ ಸುರ ಐಡಲ್‌ಗಿಂತ ಕೆಳಗ ಹೊಕ್ಕೈತಿ."

ಹೀಗೆ ಕಿಟ್ಟಿನ ರಬ್ಬರಿಗಾಗಿ ಹೆಚ್ಚಿನ ದಿನ ಕಾದೆವು. ಮಳೆ ಹಿಡಿದಿತ್ತು, ಶೆಡ್ಡಿನ ದಾರಿಯಲ್ಲಿ ಬೈಕ್ ಹೂಳುವಷ್ಟು ಕೆಸರು, ಬೇಸರವೇನೂ ಆಗಲಿಲ್ಲ. ಆ ನಡುವೆ ಲೇತಿನಲ್ಲಿ ನಾಲ್ಕು ಹೊಸ ಸ್ಪೇಸರ್ ಪೈಪ್ ತಿರುವಿದೆ. ಹಳೆಯ ನಾಲ್ಕು ಒಂದಕ್ಕೊಂದು 0.3 ಮಿ.ಮೀ ವ್ಯತ್ಯಾಸದಲ್ಲಿದ್ದವು, ಒಂದರ ತುದಿ ವಾಟ. ತುದಿ ವಾಟ ಇದ್ದರೆ ವಾಶರ್ ಒಂದು ಕಡೆಗೆ ಕೂತು ಬೋಲ್ಟ್ ಬಾಗುತ್ತದೆ. ಹೊಸ ನಾಲ್ಕನ್ನೂ ಒಂದೇ ಸಲ ಹಿಡಿದು ಫೇಸ್ ಮಾಡಿ 40.00 ಮಿ.ಮೀಗೆ ತಂದೆ. ಇಷ್ಟು ಬೇಕಿರಲಿಲ್ಲ, ಆದರೆ ರಬ್ಬರಿನಲ್ಲಿ ಹೋದ ಮಾನ ಉಕ್ಕಿನಲ್ಲಾದರೂ ಬರಲಿ ಅಂತ.

ಕಿಟ್ಟಿನ ರಬ್ಬರ್ ಬಂತು. ಎಂಟರಲ್ಲಿ ನಾಲ್ಕಕ್ಕೆ ಬಿಳಿ ಚುಕ್ಕೆ. ಚುಕ್ಕೆ ಇರುವವು ಸ್ವಲ್ಪ ಗಟ್ಟಿ, ಇಲ್ಲದವು ಮೆತ್ತಗೆ. ನಾನು ನಾಲ್ಕೂ ಮೂಲೆಗೆ ಗಟ್ಟಿಯವನ್ನು ಮುಂದೆ, ಮೆತ್ತಗಿನವನ್ನು ಹಿಂದೆ ಇಟ್ಟು ಸಾಲಾಗಿ ಜೋಡಿಸುತ್ತಿದ್ದೆ, ನೋಡಲು ಚೆಂದ. ಕಾಕಾ ಕೈ ಹಿಡಿದರು. ಗೋಡೆಗೆ ಹೊಡೆದ ಹಲಗೆಯ ಮೇಲೆ ಜೋಳದ ಹಿಟ್ಟಿನ ಡಬ್ಬಿ ಇಟ್ಟರೆ ಮೇಲಿನ ಮೊಳೆ ಕಿತ್ತು ಬರಲು ನೋಡುತ್ತದೆ, ಹಲಗೆಯ ಕೆಳಗಿನ ಆಧಾರ ಗೋಡೆಯನ್ನು ಒತ್ತುತ್ತದೆ. ಫೈರ್‌ವಾಲ್ (ಇಂಜಿನ್ನಿಗೂ ಸೀಟಿನ ಕೋಣೆಗೂ ನಡುವಿನ ತಡೆ) ಗೋಡೆ, ಇಂಜಿನ್ ಡಬ್ಬಿ. ಮೇಲಿನ ಎರಡು ಮೂಲೆಯಲ್ಲಿ ಇಂಜಿನ್ ಮುಂದಕ್ಕೆ ಜಗ್ಗುವುದರಿಂದ ಬೋಲ್ಟಿನ ಹಿಂದಿನ ವಾಶರ್ ಹಿಂದಿನ ರಬ್ಬರನ್ನು ಹಿಂಡುತ್ತದೆ. ಕೆಳಗಿನ ಎರಡರಲ್ಲಿ ಇಂಜಿನ್ ಹಿಂದಕ್ಕೆ ಒತ್ತುವುದರಿಂದ ಮುಂದಿನ ರಬ್ಬರ್ ಹಿಂಡುತ್ತದೆ. ಹಾಗಾಗಿ ಗಟ್ಟಿ ಬಿಲ್ಲೆ ಮೇಲೆ ಹಿಂದಕ್ಕೆ, ಕೆಳಗೆ ಮುಂದಕ್ಕೆ. ಡ್ರಾಯಿಂಗಿನಲ್ಲೂ ಹಾಗೇ ಇತ್ತು, ನಾನು ಪುಟ ತಿರುವಿರಲಿಲ್ಲ ಅಷ್ಟೆ.

ಬೋಲ್ಟ್ 3/8 ಇಂಚಿನವು, ಸಣ್ಣ ಹಲ್ಲಿನವು. ಅದಕ್ಕೆ 160ರಿಂದ 190 ಇಂಚ್-ಪೌಂಡ್, ನನ್ನ ರೆಂಚಿನ ಭಾಷೆಯಲ್ಲಿ 18ರಿಂದ 21 ನ್ಯೂಟನ್ ಮೀಟರ್. ಪಂಪಿನವನ ಕೈಗೆ ಇದು ಏನೂ ಅಲ್ಲ, ಇನ್ನೊಂದು ಎಳೆತ ಎಳೆಯೋಣ ಅಂತ ಕೈ ತುರಿಸುತ್ತದೆ. ಲಾಕ್‌ನಟ್ ಖಾಲಿ ಹಲ್ಲಿನ ಮೇಲೆ ತಿರುಗಲೇ ಒಂದಿಷ್ಟು ಬಲ ಬೇಡುತ್ತದಲ್ಲ, ಅದನ್ನು ಮೊದಲು ಅಳೆದು ಈ ಅಂಕಿಗೆ ಕೂಡಿಸಬೇಕು. ಬೋಲ್ಟಿನ ತಲೆ ಹಿಡಿದು ನಟ್ಟನ್ನೇ ತಿರುಗಿಸಿದೆವು.

ರಬ್ಬರ್ ಕರೆಂಟ್ ಹಾಯಿಸುವುದಿಲ್ಲ. ಇಂಜಿನ್ನಿಂದ ಬಾಡಿಗೆ ಬರುವ ಹೆಣೆದ ತಾಮ್ರದ ಅರ್ಥಿಂಗ್ ಪಟ್ಟಿ ನೋಡಿದರೆ ನಡುಕಕ್ಕೆ ಅರ್ಧ ಎಳೆ ಹರಿದಿದ್ದವು. ಪೂರ್ತಿ ಹರಿದಿದ್ದರೆ ಸ್ಟಾರ್ಟರಿನ ಕರೆಂಟು ಥ್ರಾಟಲ್ ಕೇಬಲ್ ಹಿಡಿದು ದಾರಿ ಹುಡುಕುತ್ತಿತ್ತು. ಹೊಸ ಪಟ್ಟಿ, ಸ್ವಲ್ಪ ಸಡಿಲ ಬಿಟ್ಟು ಹಾಕಿದೆ. ಸೈಲೆನ್ಸರಿನ ಎರಡು ಸ್ಪ್ರಿಂಗಿನ ಕೊಕ್ಕೆ ಸವೆದಿದ್ದವು, ಅವೂ ಬದಲಾದವು.

ಡಯಲ್ ಗೇಜ್ ಇಟ್ಟು ಭಾರ ಬಿಟ್ಟಾಗ ಈ ಸಲ ಕುಸಿತ 1.5 ಮಿ.ಮೀ. ಕಾಗದದ ಲೆಕ್ಕ: ಸೆಕೆಂಡಿಗೆ 13 ಸಲ, ಅಂದರೆ 770 ಸುತ್ತಿನ ಆಸುಪಾಸು. ಇಂಜಿನ್ ಆ ವೇಗದಲ್ಲಿ ನಿಲ್ಲುವುದೇ ಇಲ್ಲ, ಶುರುವಾಗುವಾಗ ಮತ್ತು ನಿಲ್ಲುವಾಗ ಹಾದುಹೋಗುತ್ತದೆ.

ಸ್ಟಾರ್ಟ್ ಮಾಡಿದೆ. ಚಾಲೂ ಆದ ಗಳಿಗೆಗೆ ಇಂಜಿನ್ 1800ಕ್ಕೆ ನಿಲ್ಲುವುದು ಬಿಟ್ಟು 2400ಕ್ಕೆ ಏರಿತು. ಥ್ರಾಟಲ್ ಹಿಂದಕ್ಕೆ ಎಳೆದರೂ ಇಳಿಯಲಿಲ್ಲ. "ಬಂದ್ ಮಾಡ!" ಅಂತ ಕಾಕಾ ಹೊರಗಿಂದ ಕೂಗುವ ಮೊದಲೇ ಎರಡೂ ಇಗ್ನಿಶನ್ ಸ್ವಿಚ್ ಕೆಳಗೆ ಹಾಕಿದ್ದೆ. ಈ ಇಂಜಿನ್ನಿನ ಕಾರ್ಬ್ಯುರೇಟರಿನಲ್ಲಿ ಸ್ಪ್ರಿಂಗ್ ಥ್ರಾಟಲನ್ನು ತೆರೆಯುವ ಕಡೆಗೆ ಎಳೆಯುತ್ತದೆ, ಹಾರುವಾಗ ಕೇಬಲ್ ಹರಿದರೂ ಶಕ್ತಿ ಉಳಿಯಲಿ ಅಂತ. ಮುಚ್ಚುವುದು ಕೇಬಲ್ಲಿನ ಕೆಲಸ. ಯಾರೋ ಹಿಂದೆ ಬಲಗಡೆ ಕೇಬಲ್ಲಿನ ಹೊರಕವಚವನ್ನು ಮೌಂಟ್ ಪೈಪಿಗೆ ಬಿಗಿಯಾಗಿ ಕ್ಲಿಪ್ ಹಾಕಿದ್ದರು. ಇಂಜಿನ್ ಮತ್ತೆ ತನ್ನ ಎತ್ತರಕ್ಕೆ ಬಂದಾಗ ಕ್ಲಿಪ್ಪಿನ ಬಳಿ ಕವಚ ಮಡಚಿಕೊಂಡು ಒಳಗಿನ ತಂತಿ ಹಿಡಿದುಕೊಂಡಿತ್ತು. ಕ್ಲಿಪ್ಪನ್ನು ನಾಲ್ಕು ಬೆರಳು ಹಿಂದಕ್ಕೆ ಸರಿಸಿ, ಕೇಬಲ್ಲಿಗೆ ಅಗಲ ತಿರುವು ಕೊಟ್ಟು, ಮತ್ತೆ ವ್ಯಾಕ್ಯೂಮ್ ಗೇಜ್ ಹಚ್ಚಿ ಎರಡೂ ಕಾರ್ಬ್ಯುರೇಟರ್ ಹೊಂದಿಸಿದೆವು. ಮೌಂಟಿಂಗ್ ಬದಲಿಸುವವರು ಸ್ಟಾರ್ಟಿಗೆ ಮುಂಚೆ ಥ್ರಾಟಲ್, ಚೋಕ್ ಎರಡನ್ನೂ ಕೊನೆಯಿಂದ ಕೊನೆಗೆ ಎಳೆದು ಕಾರ್ಬ್ಯುರೇಟರಿನ ಹತ್ತಿರ ಕಣ್ಣಿಟ್ಟು ನೋಡಿ. ನಾವು ನೋಡಿರಲಿಲ್ಲ.

ಎರಡನೇ ಸ್ಟಾರ್ಟಿಗೆ 1800ಕ್ಕೆ ಕೂತಿತು. ತಂಬಿಗೆಯ ನೀರಿನ ಮೇಲೆ ಸಣ್ಣ ಬಳೆಗಳು ಮೂಡಿದವು, ತಂಬಿಗೆ ಮಾತ್ರ ಅಲುಗಲಿಲ್ಲ. ಆರಿಸಿದಾಗ ಇಂಜಿನ್ ಒಮ್ಮೆ ಮೈಕೊಡವಿ ನಿಂತಿತು. ಆ 'ಟಕ್' ಬರಲಿಲ್ಲ.

ಐದು ತಾಸು ಓಡಿಸಿದ ಮೇಲೆ ಮತ್ತೆ ಬಿಚ್ಚಿ ನೋಡಿದೆವು. ಸ್ಪಿನ್ನರ್ ಅರ್ಧ ಮಿ.ಮೀ ಇಳಿದಿದೆ, ಹೊಸ ರಬ್ಬರ್ ಅಷ್ಟು ಕೂರುತ್ತದೆ. ನಟ್‌ಗಳ ಮೇಲೆ ನನ್ನ ಮಗಳ ಕೆಂಪು ನೇಲ್ ಪಾಲಿಶಿನಿಂದ ಎಳೆದ ಗೆರೆ ಜರುಗಿಲ್ಲ. ನಾನು ಮಾಡಿಸಿದ 72ರ ಗಟ್ಟಿ ಬಿಲ್ಲೆಗಳು ಈಗ ಶಾಪಿನಲ್ಲಿ ಏರ್ ಕಂಪ್ರೆಸರಿನ ಕಾಲ ಕೆಳಗಿವೆ.

ಲಾಗ್ ಬುಕ್ ಕಾಕಾ ನನಗೇ ಕೊಟ್ಟರು. ರಬ್ಬರ್ ತಯಾರಾದ ತಿಂಗಳು, ಹಾಕಿದ ದಿನ, ಟಾರ್ಕ್, ಸ್ಪಿನ್ನರಿನ ಎತ್ತರ ಬರೆದೆ. ಅವರು ಓದಿ ಪೆನ್ನು ವಾಪಸ್ ಕೊಟ್ಟು, "ಇನ್ನೊಂದ ಸಾಲ ಬರಿ" ಅಂದರು. ಬರೆದೆ: "ಪ್ರತಿ ತಪಾಸಣೆಯಲ್ಲಿ ರಬ್ಬರನ್ನು ಬೆರಳಿನಿಂದ ತಿರುಗಿಸಿ ನೋಡುವುದು."